ಭರತನಾಟ್ಯ ಕಲಿತವರಿಗೆ ಮೈ ತಾಗಿಸಿ ಕುಣಿಯುವ ಕಂಟೆಂಪರರಿ ಡಾನ್ಸ್ ಒಗ್ಗುತ್ತಾ?

ಚಿಕ್ಕಂದಿನಿಂದ ಭರತನಾಟ್ಯ ಕಲಿತಿದ್ದೀರಿ, ಈಗ ಕಂಟೆಂಪರರಿ ಕ್ಲಾಸಿಗೆ ಸೇರಿದ್ದೀರಿ. ಅಲ್ಲಿ ಗುರುತಿಲ್ಲದವರ ಮೈಮೇಲೆ ಭಾರ ಹಾಕಿ ಕುಣಿಯಬೇಕು ಅಂದಾಗ ಮುಜುಗರ ಆಗುತ್ತೆ, ಇದು ಪಶ್ಚಿಮದವರ ಪದ್ಧತಿ, ನಮಗೆ ಒಗ್ಗುತ್ತಾ ಅಂತ ಕೇಳಿದ್ದೀರಿ.

ಒಗ್ಗುತ್ತೆ. ಆದರೆ ನಿಧಾನವಾಗಿ. ನಾನೂ ಭರತನಾಟ್ಯದಿಂದ ಬಂದವಳು. ಅರಮಂಡಿಯಲ್ಲಿ, ಅಂದರೆ ಮೊಣಕಾಲು ಹೊರಕ್ಕೆ ಮಡಿಸಿ ಅರ್ಧ ಕೂತಾಗ, ನಮ್ಮ ಭಾರ ಪೂರ್ತಿ ನಾವೇ ಹೊರುತ್ತೇವೆ. ಪದ, ಅಂದರೆ ಪ್ರೇಮದ ಹಾಡಿಗೆ ಅಭಿನಯ ಮಾಡುವಾಗ ನಾಯಕನ ಕೈ ಹಿಡಿಯುವುದೂ ಅಭಿನಯದಲ್ಲೇ, ಎದುರಿಗೆ ಯಾರೂ ಇರುವುದಿಲ್ಲ. ಹಾಗೆ ಪಳಗಿದ ಮೈ ಇನ್ನೊಬ್ಬರಿಗೆ ಒರಗಲು ಹಿಂಜರಿಯುವುದು ಸಹಜ.

ನೀವು ಹೇಳುತ್ತಿರುವುದು ಕಾಂಟ್ಯಾಕ್ಟ್ ಇಂಪ್ರೊವೈಸೇಷನ್ ಇರಬೇಕು, ಅಂದರೆ ಹೆಜ್ಜೆಗಳನ್ನು ಮೊದಲೇ ಕಟ್ಟಿಕೊಳ್ಳದೆ, ಮೈ ತಾಗಿಸಿ ಭಾರ ಹಂಚಿಕೊಳ್ಳುತ್ತ ಕುಣಿಯುವುದು. 1972ರಲ್ಲಿ ಅಮೆರಿಕದ ನರ್ತಕ ಸ್ಟೀವ್ ಪ್ಯಾಕ್ಸ್‌ಟನ್ ಶುರು ಮಾಡಿದ್ದು. ಆ ವರ್ಷ ಒಹಾಯೊದ ಓಬರ್ಲಿನ್ ಕಾಲೇಜಿನಲ್ಲಿ ಹುಡುಗರ ಗುಂಪೊಂದು ಕುಸ್ತಿಯ ಮ್ಯಾಟ್ ಮೇಲೆ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಬಿದ್ದು, ಉರುಳಿ, ಕೊನೆಗೆ ಕೆಲವು ನಿಮಿಷ ಸುಮ್ಮನೆ ನಿಂತಿತು. ‘ಮ್ಯಾಗ್ನೀಷಿಯಂ’ ಅಂತ ಅದರ ಹೆಸರು. ಪ್ಯಾಕ್ಸ್‌ಟನ್ ಜಪಾನಿನ ಐಕಿಡೊ ಅನ್ನುವ ಸಮರ ಕಲೆ ಕಲಿತಿದ್ದರು. ಎದುರಿನವರ ಬಲವನ್ನು ತಡೆಯದೆ ಅದರ ಜೊತೆಯೇ ಹೋಗುವುದು, ಬಿದ್ದರೆ ಪೆಟ್ಟಾಗದಂತೆ ಉರುಳಿಕೊಳ್ಳುವುದು ಅಲ್ಲಿಂದ ಬಂದದ್ದು. ಹಾಗಾಗಿ ಇದನ್ನು ಬರೀ ಪಶ್ಚಿಮದ್ದು ಅನ್ನಲು ಬರುವುದಿಲ್ಲ.

ನಮ್ಮ ಕಡೆಯೂ ನೋಡಿ. ಚೆನ್ನೈನ ನೃತ್ಯ ಸಂಯೋಜಕಿ ಚಂದ್ರಲೇಖಾ ಭರತನಾಟ್ಯದಿಂದಲೇ ಬಂದವರು. 1985ರ ‘ಅಂಗಿಕ’ ಅನ್ನುವ ನೃತ್ಯದಲ್ಲಿ ಭರತನಾಟ್ಯದ ಪಕ್ಕಕ್ಕೆ ಕೇರಳದ ಸಮರ ಕಲೆ ಕಳರಿಪಯಟ್ಟನ್ನು ತಂದರು. 2001ರ ‘ಶರೀರ’ದಲ್ಲಿ ಒಬ್ಬ ಹೆಂಗಸು, ಒಬ್ಬ ಗಂಡಸು, ಜೊತೆಗೆ ಗುಂದೇಚಾ ಸಹೋದರರ ಧ್ರುಪದ್ ಗಾಯನ. ಎಲ್ಲವೂ ಬಹಳ ನಿಧಾನ. ಅಲ್ಲಿನ ಸ್ಪರ್ಶಕ್ಕೆ ಅವರು ನ್ಯೂಯಾರ್ಕಿನ ಕಡೆ ನೋಡಲಿಲ್ಲ, ಯೋಗ ಮತ್ತು ಕಳರಿಯ ಕಡೆ ನೋಡಿದರು. ಕಳರಿಯಲ್ಲಿ ಗುರುಗಳು ಹಗ್ಗ ಹಿಡಿದು ನಿಂತು, ಎಣ್ಣೆ ಹಚ್ಚಿದ ಶಿಷ್ಯನ ಮೈಯನ್ನು ಕಾಲಿನಿಂದಲೇ ತಿಕ್ಕುತ್ತಾರೆ. ಭಾರ ಕೊಡುವುದು, ತೆಗೆದುಕೊಳ್ಳುವುದು ನಮ್ಮಲ್ಲೂ ಹಳೆಯ ವಿದ್ಯೆಯೇ. ಬೆಂಗಳೂರಿನ ಅಟ್ಟಕ್ಕಳರಿ ನೃತ್ಯ ಸಂಸ್ಥೆಯಲ್ಲಿ ಕಳರಿ, ಭರತನಾಟ್ಯ, ಕಂಟೆಂಪರರಿ ಎಲ್ಲವೂ ಒಂದೇ ಸೂರಿನಡಿ ನಡೆದುಕೊಂಡು ಬಂದಿವೆ.

ಆದರೆ ‘ಮ್ಯಾಟ್ ಮೇಲೆ ಎಲ್ಲರೂ ಒಂದೇ, ಮೈಗೆ ಜಾತಿ ಇಲ್ಲ, ದೇಶ ಇಲ್ಲ’ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಯಾರು ಯಾರನ್ನು ಮುಟ್ಟಬಹುದು ಅಂತ ಜಾತಿ ನಿರ್ಧರಿಸುತ್ತಿದ್ದ, ಇಂದಿಗೂ ಎಷ್ಟೋ ಕಡೆ ನಿರ್ಧರಿಸುವ ನಾಡು ನಮ್ಮದು. ರಶ್ ಇರುವ ಬಸ್ಸಿನಲ್ಲಿ ಬ್ಯಾಗನ್ನು ಎದೆಗೆ ಒತ್ತಿಕೊಂಡು ನಿಲ್ಲುವ ಹುಡುಗಿ ಅದೇ ಮೈ ಹೊತ್ತು ಕ್ಲಾಸಿಗೆ ಬರುತ್ತಾಳೆ. ಅಮೆರಿಕದಲ್ಲೂ ಈ ತಕರಾರು ಎದ್ದಿತ್ತು. 1983ರಲ್ಲಿ ನ್ಯೂಯಾರ್ಕಿನಲ್ಲಿ ಇಶ್ಮಾಯಿಲ್ ಹ್ಯೂಸ್ಟನ್ ಜೋನ್ಸ್ ಮತ್ತು ಫ್ರೆಡ್ ಹಾಲೆಂಡ್ ಅನ್ನುವ ಇಬ್ಬರು ಕಪ್ಪು ನರ್ತಕರು ಬೇಕೆಂದೇ ಈ ಪದ್ಧತಿಯ ರೂಢಿಗಳನ್ನು ಮುರಿದು ಕುಣಿದರು. ಎಲ್ಲರೂ ಬರಿಗಾಲು, ಮೆತ್ತನೆ ಪ್ಯಾಂಟು, ಮೌನ. ಇವರು ದಪ್ಪ ಬೂಟು, ಬೀದಿಯ ಬಟ್ಟೆ, ಕುಣಿಯುವಾಗಲೇ ಮಾತು. ಬಹುತೇಕ ಬಿಳಿಯರೇ ಇದ್ದ ಜಾಗದಲ್ಲಿ ತಾವು ಯಾರು ಅನ್ನುವುದನ್ನು ಮರೆಸಿ ಕುಣಿಯಲು ಅವರು ತಯಾರಿರಲಿಲ್ಲ. ಕೊಡುಕೊಳೆ ಅಂದರೆ ನನಗೆ ಇದು. ಬಂದ ಪದ್ಧತಿಯ ಜೊತೆ ಜಗಳವಾಡುವ ಹಕ್ಕು ನಿಮಗೂ ಇದೆ.

ಶುರು ಮಾಡಲು ಬೆನ್ನೇ ಒಳ್ಳೆಯದು. ನಂಬಿಕೆಯಿರುವ ಗೆಳತಿಯ ಜೊತೆ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿ. ಇಬ್ಬರೂ ಪಾದವನ್ನು ಒಂದು ಹೆಜ್ಜೆ ಮುಂದಕ್ಕಿಟ್ಟು, ಮೊಣಕಾಲು ಮಡಿಸುತ್ತ ನೆಲಕ್ಕೆ ಇಳಿಯಿರಿ. ಬರೀ ಭುಜ ಒರಗಿಸಿದರೆ ಸೊಂಟದ ಹತ್ತಿರ ಸಂದಿ ಬಿಟ್ಟು ಕಾಲು ಜಾರುತ್ತೆ. ಸೊಂಟದಿಂದ ಮೇಲಕ್ಕೆ ಬೆನ್ನು ಪೂರ್ತಿ ತಾಗಿದರೆ ಸಲೀಸಾಗಿ ಕೂರುತ್ತೀರಿ. ಏಳುವಾಗ ಪಾದದಿಂದ ನೆಲ ಒತ್ತಿ, ಬೆನ್ನಿನಿಂದ ಬೆನ್ನನ್ನು ತಳ್ಳಿ. ಒಬ್ಬರು ಭಾರ ಬಚ್ಚಿಟ್ಟುಕೊಂಡರೂ ಇಬ್ಬರಿಗೂ ಏಳಲು ಆಗುವುದಿಲ್ಲ, ಅದು ತಕ್ಷಣ ಗೊತ್ತಾಗುತ್ತೆ. ಇಲ್ಲಿ ಅಂಗೈ, ಬೆರಳು ಬೇಕಾಗುವುದೇ ಇಲ್ಲ. ನಮಗೆ ಜಾಸ್ತಿ ಮುಜುಗರ ತರುವುದು ಕೈಯ ಹಿಡಿತವೇ ಅಲ್ವಾ? ಬೆನ್ನು, ಭುಜ, ಮುಂಗೈ ರೂಢಿಯಾದ ಮೇಲೆ ಉಳಿದದ್ದು ನೋಡಿಕೊಳ್ಳಬಹುದು.

ಇನ್ನೊಂದು ಮಾತು. ಮುಂದಿನ ಕ್ಲಾಸಿಗೆ ಮೊದಲೇ ಟೀಚರ್ ಹತ್ತಿರ ಮಾತಾಡಿ. ಜೊತೆಗಾರರನ್ನು ನಾವೇ ಆರಿಸಿಕೊಳ್ಳಬಹುದಾ, ನಡುವೆ ಬೇಡ ಅನ್ನಿಸಿದರೆ ಪಕ್ಕಕ್ಕೆ ಸರಿದು ಕೂತು ನೋಡಬಹುದಾ ಅಂತ ನೇರವಾಗಿ ಕೇಳಿ. ಒಳ್ಳೆಯ ಟೀಚರ್ ಎರಡಕ್ಕೂ ಹೂಂ ಅನ್ನುತ್ತಾರೆ. ‘ಅಷ್ಟು ನಾಚಿಕೆ ಇದ್ದರೆ ಡಾನ್ಸ್ ಯಾಕೆ ಬೇಕಿತ್ತು’ ಅನ್ನುವವರಾದರೆ ಬೇರೆ ಕ್ಲಾಸ್ ಹುಡುಕಿ.