ಕಥೆ-ಕಾದಂಬರಿಯಿಂದ ಸಿನಿಮಾ ಆದವುಗಳಲ್ಲಿ ನಿಮಗೆ ತುಂಬಾ ಇಷ್ಟವಾದದ್ದು ಯಾವುದು?

ನನಗೆ 'ಘಟಶ್ರಾದ್ಧ'. ಯು.ಆರ್. ಅನಂತಮೂರ್ತಿಯವರ ಕಥೆ, 1977ರಲ್ಲಿ ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದರು. ಅದು ಅವರ ಮೊದಲ ಚಿತ್ರ. ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ಅದಕ್ಕೇ ಬಂತು.

ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿ. ಗುರುಗಳ ಮಗಳು, ವಿಧವೆ ಯಮುನಕ್ಕ ಅವನನ್ನು ತಾಯಿಯ ಹಾಗೆ ನೋಡಿಕೊಳ್ಳುತ್ತಾಳೆ. ಅವಳು ಬಸುರಿ ಎಂದು ಗೊತ್ತಾದಾಗ ಊರೇ ತಿರುಗಿ ಬೀಳುತ್ತದೆ. ಬದುಕಿರುವಾಗಲೇ ಅವಳ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ.

ಕಥೆಯಲ್ಲಿ ಮಾತು ಮಾಡುವ ಕೆಲಸವನ್ನು ಇಲ್ಲಿ ಹುಡುಗನ ಕಣ್ಣು ಮಾಡುತ್ತದೆ. ಅವನಿಗೆ ಏನೂ ಪೂರ್ತಿ ಅರ್ಥವಾಗುವುದಿಲ್ಲ, ಆದರೆ ಎಲ್ಲವನ್ನೂ ನೋಡುತ್ತಾನೆ. ನೋಡುವ ನಮಗೆ ಅರ್ಥವಾಗುತ್ತದಲ್ವಾ, ಸಂಕಟ ಜಾಸ್ತಿಯಾಗುವುದು ಅದಕ್ಕೇ. ಕಪ್ಪು-ಬಿಳುಪಿನಲ್ಲಿ ಆ ಹಳೇ ಮನೆ, ಕಾಡು, ಕತ್ತಲು. ಬಿ.ವಿ. ಕಾರಂತರ ಸಂಗೀತ ಎಲ್ಲೂ ಸುಮ್ನೆ ಅಳಿಸಲು ಹೋಗುವುದಿಲ್ಲ. ತಲೆ ಬೋಳಿಸಿಕೊಂಡು ಒಂಟಿಯಾಗಿ ಕೂತ ಯಮುನಕ್ಕನ ಚಿತ್ರ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

'ಸಂಸ್ಕಾರ', 'ತಬರನ ಕಥೆ' ಕೂಡ ನನಗೆ ಇಷ್ಟ. ತಬರನಾಗಿ ಚಾರುಹಾಸನ್ ಅವರನ್ನು ನೋಡಲೇಬೇಕು. ಆದರೆ ಮೊದಲು 'ಘಟಶ್ರಾದ್ಧ' ನೋಡಿ. ಸಾಧ್ಯವಾದರೆ ಕಥೆ ಓದಿಕೊಂಡೇ ನೋಡಿ.