ಎಂಜಿನ್ ಯಾವುದೇ ಇರಲಿ, ಇಂಧನಕ್ಕೆ ಲೆಕ್ಕ ಇರಲಿ

ಪ್ರಶ್ನೆ: ರೇಸಿನಲ್ಲಿ ಎಲ್ಲರಿಗೂ ಒಂದೇ ನಮೂನೆಯ ಎಂಜಿನ್ ಏಕೆ? ಟರ್ಬೊ, ಡೀಸೆಲ್, ವಿ8 ಎಲ್ಲಕ್ಕೂ ಅವಕಾಶ ಕೊಡಬಾರದೇ?
– ಎಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕೊಡಲೇಬೇಕು. ಆದರೆ ಸಿಸಿ ಲೆಕ್ಕದಲ್ಲಿ ಸಮ ಮಾಡಲು ಹೋದರೆ ಕೆಡುತ್ತದೆ. 1966ರಲ್ಲಿ ಫಾರ್ಮುಲಾ ಒನ್ 3 ಲೀಟರಿನ ಸಾದಾ ಎಂಜಿನ್ನಿಗೆ 1.5 ಲೀಟರಿನ ಸೂಪರ್‌ಚಾರ್ಜ್ ಎಂಜಿನ್ (ಗಾಳಿಯನ್ನು ಒತ್ತಿ ತುಂಬುವಂಥದ್ದು) ಸಮ ಎಂದಿತು. 1977ರಲ್ಲಿ ರೆನೊ ಟರ್ಬೊ ತಂದಿತು. ಸಿಲಿಂಡರಿನ ಗಾತ್ರಕ್ಕೆ ಮಿತಿ ಇತ್ತು, ಬೂಸ್ಟಿಗೆ, ಅಂದರೆ ಗಾಳಿ ತುಂಬುವ ಒತ್ತಡಕ್ಕೆ, ಇರಲಿಲ್ಲ. ಒತ್ತಡ ಏರಿಸಿದಷ್ಟೂ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲ್. ಎಂಬತ್ತರ ದಶಕದ ನಡುವಿಗೆ ಅರ್ಹತಾ ಸುತ್ತಿನಲ್ಲಿ 1000 ಅಶ್ವಶಕ್ತಿ ದಾಟಿದವು. 1989ರಿಂದ ಟರ್ಬೊವನ್ನೇ ನಿಷೇಧಿಸಿದರು.

ಫ್ರಾನ್ಸಿನ 24 ಗಂಟೆಗಳ ರೇಸ್ ಲೆ ಮಾನ್‌ನ ಮೇಲಿನ ದರ್ಜೆಯಲ್ಲಿ 2014ರಲ್ಲಿ ಪ್ರತಿ ಸುತ್ತಿಗೆ ಇಂಧನಶಕ್ತಿಯ ಮಿತಿ ಹಾಕಿ ಎಂಜಿನ್ ಆಯ್ಕೆ ತಂಡಗಳಿಗೇ ಬಿಟ್ಟರು. ಪೋರ್ಷೆ 2 ಲೀಟರ್ ವಿ4 ಟರ್ಬೊ, ಟೊಯೊಟಾ 3.7 ಲೀಟರ್ ವಿ8, ಆಡಿ 4 ಲೀಟರ್ ಡೀಸೆಲ್ ವಿ6 ತಂದವು, ಮೂರೂ ಹೈಬ್ರಿಡ್. ಆ ವರ್ಷ ಲೆ ಮಾನ್ ಆಡಿಗೆ, ವಿಶ್ವ ಪಟ್ಟ ಟೊಯೊಟಾಗೆ, ಮರುವರ್ಷ ಲೆ ಮಾನ್ ಪೋರ್ಷೆಗೆ. ಇದಕ್ಕಿಂತ ಸೊಗಸಾದ ಪೈಪೋಟಿ ಬೇಕೇ?

ನಿಮ್ಮ ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ (ವಿದ್ಯಾರ್ಥಿಗಳೇ ಕಟ್ಟುವ ರೇಸ್ ಕಾರುಗಳ ಸ್ಪರ್ಧೆ) ಕಾರಿನ 20 ಮಿ.ಮೀ. ರಿಸ್ಟ್ರಿಕ್ಟರ್, ಅಂದರೆ ಗಾಳಿ ಒಳಹೋಗುವ ದಾರಿಯ ಕಿರಿದಾದ ಕತ್ತು, ಮಾಡುವುದೂ ಇದನ್ನೇ: ಗಾಳಿಗೆ ಮಿತಿ ಹಾಕಿ ಇಂಧನಕ್ಕೂ ಮಿತಿ ಹಾಕುತ್ತದೆ. ಕಿರುಬಾಯಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ ಸೆಕೆಂಡಿಗೆ ಸುಮಾರು 74 ಗ್ರಾಂಗಿಂತ ಹೆಚ್ಚು ಒಳಹೋಗದು. ತಪಾಸಣೆಗೆ ಮೊದಲು, ಎಂಜಿನ್ ಐಡಲ್‌ನಲ್ಲಿರುವಾಗ ರಿಸ್ಟ್ರಿಕ್ಟರಿನ ಬಾಯಿ ಪೂರ್ತಿ ಮುಚ್ಚಿ ನೋಡಿ. ತಕ್ಷಣ ನಿಲ್ಲಬೇಕು. ಓಡುತ್ತಲೇ ಇದ್ದರೆ ಪ್ಲೀನಮ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಡಬ್ಬಿ) ಜೋಡಣೆಯಲ್ಲೋ ಗ್ಯಾಸ್ಕೆಟ್‌ನಲ್ಲೋ ಗಾಳಿ ಎಳೆಯುತ್ತಿದೆ. ಡೀಸೆಲ್‌ಗೆ ಮಾತ್ರ ಗಾಳಿಗೆ ಮಿತಿ ಹಾಕುವ ಈ ಉಪಾಯ ಸಾಲದು. ಅದು ಸದಾ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲಿ ಉರಿಯುವುದರಿಂದ ಇಂಧನವನ್ನೇ ಅಳೆಯಬೇಕು.

ಪ್ರಶ್ನೆ: ನಮ್ಮ ಕಡೆ ಗೋವಿನಜೋಳ ಬಹಳ. ಅದರ ಎಥೆನಾಲ್ ಹಾಕಿದ ಬೈಕನ್ನು ಪೆಟ್ರೋಲ್ ಬೈಕಿನ ಜೊತೆ ಓಡಿಸಿದರೆ ಅನ್ಯಾಯವೇ?
– ಓದುಗರು, ರಾಣೆಬೆನ್ನೂರು

ಉತ್ತರ: ಲೀಟರ್ ಲೆಕ್ಕದಲ್ಲಿ ಓಡಿಸಿದರೆ ಎಥೆನಾಲಿಗೇ ಅನ್ಯಾಯ. ಲೀಟರಿಗೆ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್, ಇದರಲ್ಲಿ 21. ಒಂದೇ ಪ್ರಮಾಣದ ಗಾಳಿಯಲ್ಲಿ ಉರಿದಾಗ ಸಿಗುವ ಶಕ್ತಿಯ ಲೆಕ್ಕಕ್ಕೆ ಬಂದರೆ ಎರಡೂ ಹೆಚ್ಚುಕಡಿಮೆ ಸಮ. ಮೇಲಾಗಿ ಎಥೆನಾಲ್ ಒಳಗಾಳಿಯನ್ನು ತಣ್ಣಗಾಗಿಸುತ್ತದೆ, ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ ಕುಟ್ಟುವುದು) ತಡೆಯುತ್ತದೆ. ಅದಕ್ಕೇ ವಿದ್ಯಾರ್ಥಿ ರೇಸ್ ಸ್ಪರ್ಧೆ ನಡೆಸುವ ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ, ಇ85 (ಶೇ 85ರವರೆಗೆ ಎಥೆನಾಲ್ ಇರುವ ಇಂಧನ) ಬಳಸುವವರಿಗೆ ರಿಸ್ಟ್ರಿಕ್ಟರನ್ನು 19 ಮಿ.ಮೀ.ಗೆ ಇಳಿಸಿದೆ.

ಕಾರ್ಬ್ಯುರೇಟರಿನ ಹಳೆಯ ಜೆಟ್ಟನ್ನೇ (ಇಂಧನ ಹರಿಯುವ ಕಿರುರಂಧ್ರ) ಇಟ್ಟುಕೊಂಡು ಎಥೆನಾಲ್ ಸುರಿಯಬೇಡಿ. ಪೆಟ್ರೋಲಿನ ಒಂದೂವರೆ ಪಟ್ಟು ಇಂಧನ ಹರಿಯಬೇಕು. ಹರಿಯದಿದ್ದರೆ ಮಿಶ್ರಣ ತೆಳುವಾಗಿ, ಪ್ಲಗ್ ತುದಿ ಬೆಳ್ಳಗಾಗಿ, ಕೊನೆಗೆ ಪಿಸ್ಟನ್ ತಲೆಯೇ ಕರಗುತ್ತದೆ. ಹಳೆಯ ರಬ್ಬರ್ ಪೈಪುಗಳು ಉಬ್ಬುತ್ತವೆ, ಬದಲಿಸಿ. ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ರೇಸ್ ಮುಗಿದ ದಿನವೇ ಟ್ಯಾಂಕ್ ಖಾಲಿ ಮಾಡಿ; ಗಾಳಿಯ ತೇವ ಹೀರಿಕೊಂಡರೆ ಒಳಗೆ ತುಕ್ಕು ಹಿಡಿಯುತ್ತದೆ.