‘ಪೋ’ ಇದ್ದಲ್ಲೇ ಇರಲಿ

ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ಪಂಜೆ ಮಂಗೇಶರಾಯರ ‘ನಾಗರ ಹಾವೆ’ ಪದ್ಯದ ಠಾವು (ನೆಲೆ), ಕೊಪ್ಪರಿಗೆ (ದೊಡ್ಡ ಹಂಡೆ), ಪೋ (ಹೋಗು) ಮುಂತಾದ ಮಾತುಗಳು ಈಗಿನ ಮಕ್ಕಳಿಗೆ ತಿಳಿಯವು. ವಾರ್ಷಿಕೋತ್ಸವಕ್ಕೆ ಅವನ್ನು ಬದಲಿಸಿ ಹಾಡಿಸಿದರೆ ತಪ್ಪೇನು? ಸಾಲದ್ದಕ್ಕೆ ಹಾವಿಗೆ ಹಾಲು ಕೊಡುವ ಮೂಢನಂಬಿಕೆ ಬೇರೆ.

ಉತ್ತರ: ಹಾವು ಹಾಲು ಕುಡಿಯುವ ಪ್ರಾಣಿಯಲ್ಲ, ಒಪ್ಪಿದೆ. ಅದನ್ನು ವಿಜ್ಞಾನದ ಪೀರಿಯಡ್‌ನಲ್ಲಿ ಹೇಳಿ. ಪದ್ಯದ ಕೆಳಗೆ ನಾಲ್ಕು ಪದಗಳಿಗೆ ಅರ್ಥ ಕೊಟ್ಟರೂ ತಕರಾರಿಲ್ಲ. ಆದರೆ ಪದ್ಯದೊಳಕ್ಕೆ ಕೈ ಹಾಕಬೇಡಿ, ತಾಯಿ.

ಕಾರಣ ಶುದ್ಧ ಲೆಕ್ಕದ್ದು. ‘ನಾಗರ / ಹಾವೇ / ಹಾವೊಳು / ಹೂವೇ’ ಎಂಬಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ, ಒಟ್ಟು 16. ಮಾತ್ರೆ ಅಂದರೆ ಒಂದು ಹ್ರಸ್ವಾಕ್ಷರ ಹೇಳುವಷ್ಟು ಹೊತ್ತು, ಗಣ ಅಂದರೆ ಸಾಲಿನ ಒಂದು ತುಂಡು. ಪ್ರತಿ ನುಡಿಯ (ಪದ್ಯದ ಒಂದು ಭಾಗದ) ಕೊನೆಯ ಸಾಲಿನಲ್ಲಿ ಒಂದೇ ಅಕ್ಷರ ಎಂಟು ಸಲ: ಮೊದಲು ಬಾ, ಆಮೇಲೆ ನೀ, ಆಮೇಲೆ ತಾ, ಕೊನೆಗೆ ಪೋ. ದೀರ್ಘಾಕ್ಷರಕ್ಕೆ ಎರಡು ಮಾತ್ರೆ, ಎಂಟೆರಡ್ಲ ಹದಿನಾರು. ಈಗ ‘ಪೋ’ ತೆಗೆದು ‘ಹೋಗು’ ಹಾಕಿ ನೋಡಿ. ಹೋ ಎರಡು, ಗು ಒಂದು. ನಾಲ್ಕರ ನಡೆಯಲ್ಲಿ ಬಂದ ಮಗು ಕೊನೆಯ ಸಾಲಿನಲ್ಲಿ ಮೂರರ ನಡೆಗೆ ಬಿದ್ದು ಮುಗ್ಗರಿಸುತ್ತದೆ. ಐದು ಸಲ ಅಂದರೆ 15, ಆರು ಸಲ ಅಂದರೆ 18. ಹೇಗೆ ಹೇಳಿದರೂ 16 ಕೂಡುವುದಿಲ್ಲ. ‘ಠಾವೆ’ ಬದಲು ‘ಮನೆಯೆ’ ಅಂದರೆ ತಾಳವೇನೋ ಉಳಿದೀತು, ಆದರೆ ‘ಹೂವೆ–ಠಾವೆ’ ಪ್ರಾಸ ಹೋಯಿತು. ಕೊಪ್ಪರಿಗೆ ಹೋದರೆ ನಿಧಿ ಕಾಯುವ ಸರ್ಪದ ಕಥೆಯೇ ಹೋಯಿತು.

ಬಾ, ನೀ, ತಾ, ಪೋ: ಆ ನಾಲ್ಕು ಅಕ್ಷರಗಳಲ್ಲೇ ಒಂದು ನಾಟಕವಿದೆ. ಹುಡುಗ ಹಾವನ್ನು ಕರೆಯುತ್ತಾನೆ, ಕೊಳಲೂದಿ ಆಡಿಸುತ್ತಾನೆ, ಹೊನ್ನಿಗೆ ಆಸೆಪಟ್ಟು ಬೇಡುತ್ತಾನೆ. ‘ಬರಿಮೈ ತಣ್ಣಗೆ, ಮನದಲಿ ಬಿಸಿಹಗೆ’ ಎಂದು ಹೊಳೆದದ್ದೇ ತಡ, ನಮಸ್ಕಾರ ಹಾಕಿ ಸಾಗಹಾಕುತ್ತಾನೆ. ಮೈಯ ತಣ್ಪು, ಮನಸ್ಸಿನ ಬಿಸಿ, ಎರಡೂ ಒಂದೇ ಸಾಲಿನಲ್ಲಿ! ಅದನ್ನು ಇನ್ನೆಷ್ಟು ಸರಳ ಮಾಡುತ್ತೀರಿ?

ಕಲಿಸುವಾಗ ಅರ್ಥದಿಂದ ಶುರುಮಾಡಬೇಡಿ. ಮೊದಲ ದಿನ ಬರೀ ಚಪ್ಪಾಳೆ: ಸಾಲಿಗೆ ನಾಲ್ಕು, ಗಣದ ಮೊದಲ ಅಕ್ಷರಕ್ಕೆ ಒಂದೊಂದು. ‘ಬಾ ಬಾ’ ಸಾಲಿನಲ್ಲಿ ಎರಡು ‘ಬಾ’ಗೆ ಒಂದು ಚಪ್ಪಾಳೆ. ಇಲ್ಲವಾದರೆ ಕೆಲವರು ಆರಕ್ಕೆ ನಿಲ್ಲುತ್ತಾರೆ, ಕೆಲವರು ಹತ್ತಾದರೂ ಬಿಡುವುದಿಲ್ಲ. ಅರ್ಥ ಮರುದಿನಕ್ಕಿರಲಿ, ಅಷ್ಟರಲ್ಲಿ ‘ಠಾವು ಅಂದರೇನು ಟೀಚರ್’ ಎಂದು ಮಕ್ಕಳೇ ಕೇಳಿರುತ್ತಾರೆ.

ಪಂಜೆಯವರು ಮಕ್ಕಳ ಕಷ್ಟ ಅರಿಯದವರಲ್ಲ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ, ಊರಮಾತು ತುಳು. ಕನ್ನಡವನ್ನು ಅವರೂ ಕಲಿತೇ ಪಡೆದದ್ದು. ಕನ್ನಡ ಮುನ್ಷಿಯಾಗಿ (ಭಾಷೆ ಕಲಿಸುವ ಮೇಷ್ಟರಾಗಿ), ಶಾಲಾ ಇನ್‌ಸ್ಪೆಕ್ಟರಾಗಿ, ಮಡಿಕೇರಿಯಲ್ಲಿ ಹೆಡ್‌ಮಾಸ್ಟರಾಗಿ ತರಗತಿಗಳನ್ನು ಕಂಡವರು. ಅಂಥವರೇ ಸೂರ್ಯೋದಯದ ಪದ್ಯದಲ್ಲಿ ರವಿಯನ್ನು ಕತ್ತಲೊಡನೆ ಜಗಳಕ್ಕಿಳಿಸಿ, ‘ಮೂಡಣ ರಂಗಸ್ಥಳದಲಿ’ ನೆತ್ತರು ಹರಿಸಿದರು. ರಂಗಸ್ಥಳ, ಕಿರೀಟ, ಕುಣಿತ: ಬೆಳಗಿನ ಜಾವದ ಯಕ್ಷಗಾನವೇ ಅಲ್ಲವೇ? ಸರಳಮಾಡುವವರ ಕೈಗೆ ಸಿಕ್ಕರೆ ನೆತ್ತರು ಹೋಗಿ ‘ಕೆಂಪು ಬಣ್ಣ’ ಬರುತ್ತದೆ.

ದೊಡ್ಡವರ ಕಾವ್ಯದಲ್ಲಿ ಒಂದಕ್ಷರ ತಿದ್ದಿದರೆ ವಿದ್ವಾಂಸರು ದೊಣ್ಣೆ ಹಿಡಿದು ಬರುತ್ತಾರೆ. ಮಕ್ಕಳ ಪದ್ಯಕ್ಕಾದರೆ ಎಲ್ಲರ ಕೈಯಲ್ಲೂ ಕತ್ತರಿ. ಪಂಜೆಯವರೋ, ತುಳು ಪಾಡ್ದನದ (ಜನಪದ ಕಥನಗೀತೆಯ) ಅವಳಿ ವೀರರನ್ನು ‘ಕೋಟಿಚೆನ್ನಯ’ ಕಾದಂಬರಿಯಾಗಿ ಕನ್ನಡಕ್ಕೆ ತಂದವರು, ‘ರಾ.ಮ.ಪಂ.’ ಹೆಸರಿನಲ್ಲಿ ಸಣ್ಣಕಥೆಗೆ ದಾರಿ ತೆಗೆದವರು, 1934ರಲ್ಲಿ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು. ಇಷ್ಟಾಗಿಯೂ ನಮ್ಮ ಪಾಲಿಗೆ ಅವರು ‘ಶಿಶುಗೀತೆ ಬರೆದವರು’. ಮೊಬೈಲಿನಲ್ಲಿ ಹಾವು ಬಣ್ಣಬಣ್ಣವಾಗಿ ಕುಣಿಯುತ್ತದೆ, ಕವಿಯ ಹೆಸರು ಎಷ್ಟೋ ಕಡೆ ಇರುವುದಿಲ್ಲ. ಪದ್ಯಕ್ಕೆ ‘ಕವಿಶಿಷ್ಯ’ನೆಂದು ಅಂಕಿತ ಹಾಕಿ ಅವರೇ ಅರ್ಧ ಮರೆಯಲ್ಲಿ ನಿಂತರು, ಉಳಿದರ್ಧವನ್ನು ನಾವು ಮುಚ್ಚಿದೆವು.

ನಿಮ್ಮ ಆಮಂತ್ರಣ ಪತ್ರಿಕೆಯಲ್ಲಿ ಹಾಡಿನ ಮುಂದೆ ಪಂಜೆಯವರ ಹೆಸರು ಅಚ್ಚಾಗಲಿ. ಇನ್ನೊಂದು: ಕೊನೆಯ ಎಂಟು ‘ಪೋ’ಗಳನ್ನು ಮಕ್ಕಳ ಕೈಲಿ ಕಿರುಚಿಸಬೇಡಿ. ಹುಡುಗ ಹೆದರಿದ್ದಾನೆ, ದನಿ ಒಂದೊಂದಕ್ಕೂ ಸಣ್ಣಗಾಗುತ್ತ ಬರಲಿ.